ಹೆಬ್ಬೆರಳಿನ ಹಗ್ಗ

ತೊಟ್ಟಿಲು ನಿಂತರೆ ಮಗಳು ಎದ್ದು ಕಿರುಚುತ್ತಿದ್ದಳು. ಅದಕ್ಕೆ ನನ್ನ ಗಂಡ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ನಿದ್ದೆಯಲ್ಲೂ ಕಾಲಾಡಿಸುತ್ತ ರಾತ್ರಿಯಿಡೀ ತೂಗುತ್ತಿದ್ದರು. ನೋಡಲಾರದೆ ನಾನೇ ಬೈಲಹೊಂಗಲದ ಪೇಟೆಯಿಂದ ಚೀಪುವ ರಬ್ಬರ್ ನಿಪ್ಪಲ್ ತಂದೆ. ಅದು ಬಾಯಿಗೆ ಬಿದ್ದದ್ದೇ ತಡ, ಮಗಳು ಬೆಳಗಿನವರೆಗೆ ಮಿಸುಕಲಿಲ್ಲ. ಹಗ್ಗ ಬಿಚ್ಚಿದೆವು.

ಕಾಲು ಮಾತ್ರ ನಿಲ್ಲಲಿಲ್ಲ. ಮೂರು ರಾತ್ರಿ ಅದು ನನ್ನನ್ನೇ ತೂಗಿತು. ಅತ್ತೆಗೆ ಹೇಳಿದೆ.

"ರೂಢಿ ಬಿದ್ದ ಕಾಲು ಸುಮ್ಮ ಇರೂದಿಲ್ಲವ್ವಾ. ಹಗ್ಗಾ ಮತ್ತ ಕಟ್ಟಿಬಿಡು," ಎಂದರು.

ಕಟ್ಟಿದೆ. ಮಗಳು ನನ್ನ ಮಗ್ಗುಲಲ್ಲಿ ನಿಪ್ಪಲ್ ಚೀಪುತ್ತ ಮಲಗಿದಳು. ನನ್ನ ಗಂಡ ಖಾಲಿ ತೊಟ್ಟಿಲು ತೂಗುತ್ತ ಗೊರಕೆ ಹೊಡೆದರು.

ಎರಡು ವರ್ಷಕ್ಕೆ ಮಗಳು ನಿಪ್ಪಲ್ ಬಿಟ್ಟಳು. ಆಗಲೇ ಏಳು ತಿಂಗಳ ಬಸುರಿ ನಾದಿನಿ ಸವದತ್ತಿಯಿಂದ ತೊಟ್ಟಿಲು ಕೇಳಲು ಬಂದಳು.

"ಒಂದ ವರ್ಷ ತಡಿಯವಾ ತಂಗಿ," ಎಂದರು ನನ್ನ ಗಂಡ, ಹಗ್ಗದ ಗುರುತು ಬಿದ್ದ ಹೆಬ್ಬೆರಳು ಸವರಿಕೊಳ್ಳುತ್ತ.