ತೀರಿಹೋದ ಭಾವನಿಂದ ಮೇಲ್

ಭಾವ ಹೋಗಿ ಒಂದು ಬೇಸಿಗೆ ಕಳೆದಿತ್ತು. ಒಂದು ಮಧ್ಯಾಹ್ನ ಹಿಂದೂಪುರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ತೆರೆದರೆ, ಅವರ ಹೆಸರಿನಲ್ಲಿ ಹೊಸ ಮೇಲ್ ಬಂದಿತ್ತು.

ಭಾವ ಅಂದರೆ ನಮ್ಮಕ್ಕನ ಗಂಡ. ಕಲ್ಯಾಣದುರ್ಗದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಕ್ಯಾಮೆರಾ ಅಂದರೆ ಹುಚ್ಚು. ಕಂಬದೂರಿನ ಕಡೆಯ ಕುರಿಮಂದೆ, ಬಂಡೆಗಳು, ನೆಂಟರ ಮನೆಯ ನಾಮಕರಣ, ಏನೇ ತೆಗೆದರೂ ಒಂದೆರಡನ್ನು ಮೇಲ್‌ನಲ್ಲೇ ಕಳಿಸುತ್ತಿದ್ದರು. ವಾಟ್ಸಾಪಿಗೆ ಹಾಕಿದರೆ ಫೋಟೋ ಸೊರಗುತ್ತದೆ ಎನ್ನುವುದು ಅವರ ದೂರು.

ಬಂದದ್ದು ನಮ್ಮ ಹಳೆಯ ಮೇಲ್ ಒಂದಕ್ಕೆ ಉತ್ತರದಂತಿತ್ತು. ಕೆಳಗೆ ಅವರೇ ಎಂದೋ ಬರೆದ ಸಾಲು: ‘ಸೀತಾಫಲ ಬಸ್ಸಿನಲ್ಲಿ ಹಾಕಿದ್ದೇನೆ, ಕಂಡಕ್ಟರನ್ನು ಕೇಳಿ ಇಳಿಸಿಕೋ.’ ಅದರ ಮೇಲೆ ಇಂಗ್ಲಿಷಿನಲ್ಲಿ, ಫೋಟೋಗಳಿವೆ, ತೆರೆಯಲು ಈ ಪಾಸ್‌ವರ್ಡ್ ಹಾಕಿ ಎಂದಿತ್ತು. ಭಾವ ಯಾವತ್ತೂ ಫೋಟೋಗೆ ಬೀಗ ಹಾಕಿ ಕಳಿಸಿದವರಲ್ಲ.

ಅಷ್ಟರಲ್ಲಿ ಅಕ್ಕನ ಫೋನ್.

“ಅವ್ರ ಮೇಲ್ ಬಂದೈತೆ ಕಣೇ. ಅದ್ರಾಗೆ ಫೋಟೋ ಐತಂತೆ. ತೆಗೀತೀನಿ.”

“ಮುಟ್ಟೊದ್ದಕ್ಕಾ! ಮುಟ್ಬ್ಯಾಡ!” ಗಾಬರಿಗೆ ತೆಲುಗೇ ಮೊದಲು ಬಾಯಿಗೆ ಬಂತು. “ಅದು ವೈರಸ್ಸು. ಯಾರೋ ಅವ್ರ ಹೆಸ್ರಲ್ಲಿ ಕಳಿಸವ್ರೆ. ತೆಗೆದ್ರೆ ಒಳಗಿರೋದೆಲ್ಲ ಹಾಳಾಯ್ತದೆ.”

“ನಂಗೂ ಅನುಮಾನ ಬಂತು. ಆದ್ರೆ ಒಂದು ಫೋಟೋನಾದ್ರೂ ಅವ್ರದಿದ್ರೆ?”

“ಇಂಟರ್ನೆಟ್ ವೈರು ಕಿತ್ತಾಕು. ನಾನು ಬತ್ತೀನಿ.”

ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಹತ್ತಿದೆ. ಕಳಿಸಿದ ಕೆಲವನ್ನು ಬಿಟ್ಟರೆ ಭಾವ ತೆಗೆದ ಫೋಟೋಗಳೆಲ್ಲ ಇದ್ದದ್ದು ಅಕ್ಕನ ಮನೆಯ ಒಂದೇ ಕಂಪ್ಯೂಟರಿನಲ್ಲಿ, ಬೇರೆಲ್ಲೂ ನಕಲಿರಲಿಲ್ಲ. ದಾರಿಯಲ್ಲಿ ಫೋನ್ ಮಾಡಿದರೆ ಅಕ್ಕ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ.

ನಾನು ಹೋದಾಗ ಬಾಗಿಲು ತೆರೆದೇ ಇತ್ತು. ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ವೈರು ಕಿತ್ತಿರಲಿಲ್ಲ. ಆ ಫೈಲು ಇಳಿಸಿಕೊಂಡಾಗಿತ್ತು, ಪಾಸ್‌ವರ್ಡ್ ಕೂಡ ಹಾಕಿಯಾಗಿತ್ತು. ಒತ್ತುವುದೊಂದೇ ಬಾಕಿ. ಮೌಸಿನ ಮೇಲಿದ್ದ ಅವಳ ಕೈಯನ್ನು ಹಿಡಿದು ಈಚೆಗೆ ಎಳೆದೆ. ಅವಳು ಬಿಡಿಸಿಕೊಳ್ಳಲಿಲ್ಲ. ವೈರು ಕಿತ್ತು, ಫೈಲನ್ನು ಅಳಿಸಿ, ಜೊತೆಗೆ ತಂದಿದ್ದ ಹೊಸ ಹಾರ್ಡ್ ಡಿಸ್ಕಿಗೆ ಫೋಟೋಗಳನ್ನೆಲ್ಲ ತುಂಬಿಸತೊಡಗಿದೆ.

“ಮಾತ್ರೆ ತಗಂಡ್ಯಾ ಅಂತ ಅವ್ರು ಸ್ಕೂಲಿಂದ ನಂಗೆ ಬರ್ದಿದ್ರು,” ಅಂದಳು ಅಕ್ಕ. “ಈ ಮೇಲ್‌ನಾಗೆ ಅದೂ ಐತೆ. ಅದು ಆ ಕಳ್ಳನಿಗೆ ಹೆಂಗೆ ಸಿಕ್ತು?”

“ಭಾವನ ಮೇಲ್ ಒಳಗೇ ನುಗ್ಗವ್ನೆ.”

“ಹಂಗಾರೆ ನಾವು ಬರ್ಕಂಡಿದ್ದೆಲ್ಲ ಓದ್ತಾ ಕುಂತವ್ನಾ?”

ಅವಳು ಸೆರಗನ್ನು ಭುಜದ ತುಂಬ ಹೊದ್ದುಕೊಂಡು, ಹೋಗಿ ಬಾಗಿಲಿಗೆ ಚಿಲಕ ಹಾಕಿ ಬಂದಳು.

ನೆಂಟರಿಗೆಲ್ಲ ಫೋನ್ ಮಾಡಿ ಎಚ್ಚರಿಸಿದೆವು. ಗೋರಂಟ್ಲದಲ್ಲಿರುವ ನಮ್ಮ ಚಿಕ್ಕಪ್ಪ ಆಗಲೇ ತೆರೆದುಬಿಟ್ಟಿದ್ದರು. ಅವರ ಫೈಲುಗಳ ಹೆಸರೆಲ್ಲ ತಿರುಚಿಹೋಗಿ, ಒಂದೂ ತೆರೆಯುತ್ತಿರಲಿಲ್ಲ. ದುಡ್ಡು ಕೇಳುವ ಬೆದರಿಕೆ ಪರದೆ ತುಂಬ ನಿಂತಿತ್ತು.

“ಸತ್ತೋನು ಹೆಂಗೆ ಕಳಿಸ್ತಾನೆ ಅಂತ ಯೋಚ್ನೆನೇ ಬರ್ಲಿಲ್ಲ ಕಣಮ್ಮ,” ಅಂದರು. “ಹೆಸ್ರು ನೋಡ್ದೆ, ತೆಗ್ದ್ಬುಟ್ಟೆ.”

ಭಾವನ ಮೇಲ್‌ನ ಪಾಸ್‌ವರ್ಡ್ ನಮಗ್ಯಾರಿಗೂ ಗೊತ್ತಿಲ್ಲ. ಖಾತೆ ಮುಚ್ಚಿ ಎಂದು ಮರಣ ಪ್ರಮಾಣಪತ್ರ ಲಗತ್ತಿಸಿ ಮೇಲ್ ಕಂಪನಿಗೆ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಮೊನ್ನೆ ಅವರ ಹೆಸರಿನಲ್ಲಿ ಇನ್ನೊಂದು ಬಂತು, ಈ ಸಲ ನನ್ನ ಮಗಳಿಗೆ. ಅವಳು ಮೇಲ್ ವಿಳಾಸ ಮಾಡಿಕೊಂಡದ್ದೇ ಭಾವ ಹೋದ ಮೇಲೆ. ಅದರಿಂದ ಅವಳು ಬರೆದದ್ದು ಗೋರಂಟ್ಲದ ಚಿಕ್ಕಪ್ಪನಿಗೆ ಮಾತ್ರ. ಅಲ್ಲಿಂದಲೇ ಸಿಕ್ಕಿರಬೇಕು.

ಅವಳು ಮುಟ್ಟದೆ ನನ್ನನ್ನು ಕರೆದಳು. “ದೊಡ್ಡಪ್ಪ ನನ್ನ ಹೆಸ್ರು ಹಿಡಿದು ಬರ್ದವ್ರೆ, ನೋಡಮ್ಮ.”

ನೋಡಿ ಅಳಿಸಿದೆ. ಅಕ್ಕನಿಗೆ ಇನ್ನೂ ಹೇಳಿಲ್ಲ.