‘ಎಡಗೈ’ ಅಂತ ಬರೀರಿ ಸ್ವಾಮಿ

ಪುಟ್ಟಸ್ವಾಮಣ್ಣನವರಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಕೈಗಳನ್ನು ಮಾತ್ರ ಅವರು ಮರೆಯುತ್ತಿರಲಿಲ್ಲ. ಚನ್ನಪಟ್ಟಣದ ನಮ್ಮ ಓಣಿಯಲ್ಲಿ ಐವತ್ತು ವರ್ಷ ಮರದ ಗೊಂಬೆ ಕಡೆದವರು. ಲೇತಿನ ಮುಂದೆ ತಲೆ ಬಗ್ಗಿಸಿ ಕೂತವರಿಗೆ ಬಂದವರ ಕೈಯೇ ಮೊದಲು ಕಾಣುವುದು. “ಯಾರು, ಉಗುರು ಕಚ್ಚೋ ಮೇಷ್ಟ್ರಾ?” ಎಂದು ಕತ್ತೆತ್ತದೆ ಕೇಳುತ್ತಿದ್ದರು. ಒಮ್ಮೆ ಸ್ವಂತ ಬೀಗರನ್ನೇ ಗಿರಾಕಿ ಎಂದುಕೊಂಡು ಕೂರಿಸಿ, ಅವರು ಎಲೆಗೆ ಸುಣ್ಣ ಹಚ್ಚಿದ ಮೇಲೆ, “ಓಹೋ, ನೀವಾ? ಮೊದ್ಲೇ ಯೋಳಬಾರ್ದಾ” ಎಂದಿದ್ದರು.

ಬಿ.ಕಾಂ. ಮುಗಿಸಿದ ನಾನು ಎದುರಿನ ಗೊಂಬೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಒಂದು ಮಧ್ಯಾಹ್ನ ಒಬ್ಬ ಒಳಗೆ ನುಗ್ಗಿ, ಚಾಕು ತೋರಿಸಿ ನನ್ನ ಕತ್ತಿನ ಸರಕ್ಕೆ ಕೈ ಹಾಕಿದ. ನಾನು ಬಿಡಲಿಲ್ಲ. ಬಲತೋಳಿಗೆ ಚಾಕು ಬೀಸಿ, ಸರ ಕಿತ್ತುಕೊಂಡು ಓಡಿದ. ಈಗಲೂ ಹೋಟೆಲಿನಲ್ಲಿ ಯಾರಾದರೂ ನಿಂಬೆಹಣ್ಣು ಕೊಯ್ದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಗುರುತು ಹಿಡಿಯಲು ಪೊಲೀಸರು ಸಾಲಾಗಿ ನಿಲ್ಲಿಸಿದವರಲ್ಲಿ ಒಂದು ಮುಖ ತೀರಾ ಪರಿಚಿತವೆನಿಸಿತು. “ಇವನೇ” ಎಂದೆ. ಅವನು ಬಸ್ ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಮಾರುವ ಮಂಜ. ಅವನ ಗಾಡಿಯಲ್ಲಿ ಎಷ್ಟೋ ಸಲ ಕುಡಿದಿದ್ದೆ, ಪರಿಚಯ ಅಲ್ಲಿನದು ಎಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ.

ಕೋರ್ಟಿನಲ್ಲಿ ನಾನು ತಡವರಿಸದೆ ಸಾಕ್ಷಿ ಹೇಳಿದೆ. ಕಳ್ಳ ಓಡಿದ್ದನ್ನು ಓಣಿಯಿಂದ ಕಂಡಿದ್ದ ಪುಟ್ಟಸ್ವಾಮಣ್ಣ ಆಮೇಲೆ ಕಟಕಟೆ ಹತ್ತಿದರು.

“ಮುಖ ನೋಡಿದ್ರಾ?” ಎಂದರು ಸರ್ಕಾರಿ ವಕೀಲರು.

“ಇಲ್ಲ ಸ್ವಾಮಿ. ಕೈ ನೋಡ್ದೆ. ಚಾಕು ಎಡಗೈಲಿತ್ತು, ಐದೂ ಬೆರಳು ಬಿಗಿಯಾಗಿ ಹಿಡ್ಕಂಡಿದ್ದೊ.”

ಹೇಳಿಕೆ ಟೈಪಾಗಿ ಬಂತು. ಓದಿಸಿ ಕೇಳಿದ ಪುಟ್ಟಸ್ವಾಮಣ್ಣ ಸಹಿಗೆ ಕೊಟ್ಟ ಪೆನ್ನು ಕೆಳಗಿಟ್ಟರು. “ಚಾಕು ಹಿಡ್ದಿದ್ದ ಅಂತ ಐತೆ. ಎಡಗೈ ಎಲ್ಲೋಯ್ತು? ‘ಎಡಗೈ’ ಅಂತ ಬರೀರಿ ಸ್ವಾಮಿ. ಬೆರಳ್ನೂ ಬರೀರಿ.”

“ಅಷ್ಟರಿಂದ ಏನಾಗ್ತದೆ ತಾತ?” ಎಂದರು ವಕೀಲರು.

“ಅರಗಿನ ಬಣ್ಣ ಕೊಟ್ಟು ಪಾಲೀಶ್ ಮಾಡಿದ್ಮೇಲೆ ತೂತು ಕೊರೆಯಕಾಯ್ತದಾ? ಒಸಿ ಈಗ್ಲೇ ಹಾಕ್ಬುಡಿ.”

ನ್ಯಾಯಾಧೀಶರು ನಕ್ಕು ಸೇರಿಸಿದರು. ಆದರೆ ಓದಿದ ಹುಡುಗಿ ಖಚಿತವಾಗಿ ಗುರುತಿಸಿದ್ದಾಳೆ, ಮುದುಕರ ಕಣ್ಣು ಮಬ್ಬು ಎಂದು ಮಂಜನಿಗೆ ಏಳು ವರ್ಷ ಶಿಕ್ಷೆಯಾಯಿತು. ನಾನು ಸಮಾಧಾನದಿಂದ ಮನೆಗೆ ಬಂದೆ. ಪುಟ್ಟಸ್ವಾಮಣ್ಣ ನನ್ನನ್ನು ಬೈಯಲಿಲ್ಲ. “ನೀನು ಸುಳ್ಳು ಯೋಳ್ಲಿಲ್ಲ ಕೂಸೆ. ಎದ್ರಿಕೇಲಿ ನೋಡ್ದೆ, ಅಷ್ಟೆಯ” ಎಂದರು.

ಮಂಜನ ಅಪೀಲು ಹೈಕೋರ್ಟಿಗೆ ಹೋಯಿತು. ಅಲ್ಲಿ ನಮ್ಮನ್ನು ಯಾರೂ ಕರೆಯಲಿಲ್ಲ. ಓದಿದ್ದು ಕಡತವನ್ನು ಮಾತ್ರ. ಬಂಧಿಸಿದ ದಿನದ ವೈದ್ಯರ ವರದಿ ಅದರಲ್ಲೇ ಇತ್ತಂತೆ: ಹಿಂದೆಂದೋ ಕಬ್ಬಿನ ಗಾಣಕ್ಕೆ ಸಿಕ್ಕಿದ್ದ ಮಂಜನ ಎಡಗೈಯ ಮೂರು ಬೆರಳು ಮಡಚುವುದಿಲ್ಲ. ಆ ವರದಿಯನ್ನೂ ಪುಟ್ಟಸ್ವಾಮಣ್ಣನ ಆ ಒಂದು ಸಾಲನ್ನೂ ಅದುವರೆಗೆ ಯಾರೂ ಅಕ್ಕಪಕ್ಕ ಇಟ್ಟು ಓದಿರಲಿಲ್ಲ. ಎರಡು ವರ್ಷ ಒಳಗಿದ್ದ ಮಂಜ ಬಿಡುಗಡೆಯಾದ. ಓಣಿಯವರು ಗೊಂಬೆ ಬಿಟ್ಟು ಬೀದಿಗೆ ಬಂದು ಅವನಿಗೆ ಹಾರ ಹಾಕಿದರು. ನಾನು ಅಂಗಡಿಯ ಹಿಂದೆ ಕೂತು ಅತ್ತೆ. ಚಾಕು ಹಿಡಿದು ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತಿದ್ದವನಿಗೆ ಅಂದಿನಿಂದ ಮುಖವೇ ಇಲ್ಲ, ಕೈ ಮಾತ್ರ ಇದೆ.

ಪುಟ್ಟಸ್ವಾಮಣ್ಣ ತೀರಿಕೊಂಡು ಈಗ ಒಂದು ವರ್ಷ. ಅದಕ್ಕೆ ಹಿಂದಿನ ತಿಂಗಳು ಅವರು ಕೆಂಪು ಹಳದಿ ಅರಗು ಹಚ್ಚಿದ ಹೊಸ ಹಿಡಿಯೊಂದನ್ನು ಕಡೆದು, “ನಡಿ ಕೂಸೆ, ಮಂಜನ ಗಾಣಕ್ಕೆ ಹಾಕ್ಬುಟ್ಟು ಬರಾನ” ಎಂದರು. ನಾನು ಬರುವುದಿಲ್ಲ ಎಂದೆ. “ಬಾಯಾರ್ಕೆ ಆಗೈತೆ, ನಡಿ.”

ಮಂಜ ಹಿಡಿ ಸಿಕ್ಕಿಸಿ, ಬಲಗೈಯಲ್ಲಿ ತಿರುಗಿಸಿದ. ಗಾಣ ಸದ್ದಿಲ್ಲದೆ ತಿರುಗಿತು. ನಾನು ತಲೆ ತಗ್ಗಿಸಿ, ಕಬ್ಬನ್ನು ಒಳಕ್ಕೆ ತಳ್ಳುತ್ತಿದ್ದ ಅವನ ಎಡಗೈಯನ್ನೇ, ಮಡಚದ ಆ ಬೆರಳುಗಳನ್ನೇ ನೋಡುತ್ತ ನಿಂತಿದ್ದೆ.

“ಕೈ ನೋಡಿದ್ದು ಸಾಕು,” ಎಂದರು ಪುಟ್ಟಸ್ವಾಮಣ್ಣ. “ಈಗ ಒಸಿ ಮಕ ನೋಡು.”

ತಲೆ ಎತ್ತಿದೆ. ಮಂಜ ಲೋಟ ಚಾಚಿಕೊಂಡು ನಿಂತಿದ್ದ.

“ಶುಂಠಿ ಜಾಸ್ತಿ ಹಾಕಿವ್ನಿ ಅಕ್ಕ,” ಎಂದ. “ನಿಮ್ಗೆ ಅಂಗೇ ಅಲ್ವಾ ಬೇಕಾಗಿದ್ದು?”