ಜಾಡಿಯ ತಳ ನೋಡುವ ಸೀಸಕ್ಕ

ಬೆಳಗಿನ ಐದೂವರೆ. ಕಾರ್ಖಾನೆಯ ಹಿಂಬದಿಯ ಕೋಣೆಯಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸು ಗಾಜಿನ ಜಾಡಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವನ್ನು ಮಗ್ಗುಲಿಗೆ ಹೊರಳಿಸುವಷ್ಟು ನಿಧಾನವಾಗಿ ಓರೆ ಮಾಡುತ್ತಿದ್ದಾರೆ. ಒಳಗಿನ ಕಪ್ಪು ಎಣ್ಣೆ ಗಾಜನ್ನು ಬಿಟ್ಟು ಇಳಿಯುತ್ತದೆ. ಅವರ ಕಣ್ಣು ಎಣ್ಣೆಯ ಮೇಲಿಲ್ಲ, ತಳದ ಮೇಲಿದೆ. ಅಲ್ಲೇನಾದರೂ ಕಚ್ಚಿಕೊಂಡು ಉಳಿದಿದೆಯೇ?

"ಸ್ವಲ್ಪ ಹೊತ್ತು ಮಾತಾಡಿಸ್ಬೇಡಿ," ಎನ್ನುತ್ತಾರೆ ನನ್ನ ಕಡೆ ತಿರುಗದೆ. "ಇನ್ನೂ ಹನ್ನೊಂದು ಜಾಡಿ ಇದೆ."

ಕೆಲಸ ಶುರುವಾಗುವುದು ಎಂಟು ಗಂಟೆಗೆ. ಇಷ್ಟು ಬೇಗ ಬನ್ನಿ ಎಂದು ಅವರಿಗೆ ಯಾರೂ ಹೇಳಿಲ್ಲ. ಎರಡು ವರ್ಷದಿಂದ ಅವರೇ ಹೀಗೆ ಬರುತ್ತಿದ್ದಾರೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಎಲ್ಲರೂ ಇವರನ್ನು ಕರೆಯುವುದು ಸೀಸಕ್ಕ ಎಂದು. ಪೆನ್ಸಿಲಿನ ಸೀಸ ಎಂದು ನಾವು ಹೇಳುವ ಕಪ್ಪು ಪದಾರ್ಥವಿದೆಯಲ್ಲ, ಆ ಗ್ರಾಫೈಟಿನ ಪುಡಿಯನ್ನು ಎಂಜಿನ್ ಎಣ್ಣೆಗೆ ಬೆರೆಸುವ ಸಣ್ಣ ಕಾರ್ಖಾನೆ ಇದು. ಇಪ್ಪತ್ತಮೂರು ವರ್ಷದಿಂದ ಆ ಪುಡಿ ಇವರ ಉಗುರಿನ ಸಂದಿಯಲ್ಲೇ ಮನೆ ಮಾಡಿದೆ. ವಯಸ್ಸು ಐವತ್ತೆರಡು, ಓದಿದ್ದು ಏಳನೇ ಕ್ಲಾಸು.

ಎಣ್ಣೆ ಇದ್ದ ಮೇಲೆ ಪುಡಿ ಯಾಕೆ ಎಂದು ಕೇಳುತ್ತೇನೆ. ಸೀಸಕ್ಕ ಮೇಜಿನ ಮೇಲಿದ್ದ ಕಾಗದದ ಕಟ್ಟನ್ನು ಒಂದು ಬೆರಳಿನಿಂದ ತಳ್ಳುತ್ತಾರೆ. ಹಾಳೆಗಳು ಒಂದರ ಮೇಲೊಂದು ಸರಿಯುತ್ತವೆ. "ಪುಡಿ ಒಳಗೂ ಹಿಂಗೇ, ಪದರ ಪದರ. ಜಾರೋದೇ ಅದರ ಗುಣ. ಎಂಜಿನ್ ನಿಲ್ಲಿಸಿದ್ಮೇಲೆ ಎಣ್ಣೆ ಎಲ್ಲಾ ಕೆಳಗೆ ಇಳಿದುಬಿಡುತ್ತೆ. ಮತ್ತೆ ಶುರು ಮಾಡಿದ ಗಳಿಗೇಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತೆ. ಆಗ ಅಲ್ಲಿ ಮೆತ್ಕೊಂಡಿರೋ ಪುಡಿ ಕಾಪಾಡುತ್ತೆ."

ಹಾಗೆ ಕಾಪಾಡುವ ಪುಡಿಯೇ ಎಂಜಿನನ್ನು ಕೊಲ್ಲಲೂ ಬಲ್ಲದು. ಕಣಗಳು ಬಿಡಿಬಿಡಿಯಾಗಿ ಎಣ್ಣೆಯಲ್ಲಿ ತೇಲುತ್ತಿರಬೇಕು. ಒಂದಕ್ಕೊಂದು ಅಂಟಿ ಗಂಟಾದರೆ ತಳಕ್ಕೆ ಕೂರುತ್ತವೆ, ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತವೆ. ಎಣ್ಣೆ ಬೇಕಾದ ಜಾಗಕ್ಕೆ ತಲುಪುವುದಿಲ್ಲ. ಓಡುತ್ತಿದ್ದ ಎಂಜಿನ್ ಓಡುತ್ತಿದ್ದಂತೆಯೇ ಕಚ್ಚಿಕೊಂಡು ನಿಲ್ಲುತ್ತದೆ.

ಅದನ್ನು ಮೊದಲೇ ಹಿಡಿಯುವುದು ಸೀಸಕ್ಕನ ಕೆಲಸ. ಪ್ರತಿ ಬ್ಯಾಚಿನಿಂದ ಒಂದು ಜಾಡಿ ಎಣ್ಣೆ ತೆಗೆದಿಡುತ್ತಾರೆ. ದಿನಕ್ಕೆ ಎರಡು ಸಲ ತಳ ನೋಡುತ್ತಾರೆ. ದಿನಕ್ಕೆ ಸುಮಾರು ನಲವತ್ತು ತೊಟ್ಟು ಎಣ್ಣೆಯನ್ನು ಗಾಜಿನ ಕಡ್ಡಿಯಿಂದ ಹೀರುಕಾಗದದ ಮೇಲೆ ಬಿಡುತ್ತಾರೆ. ಕಲೆ ಒಂದೇ ಸಮನಾಗಿ ಬೂದು ಬಣ್ಣದಲ್ಲಿ ಹರಡಿದರೆ ಕ್ಷೇಮ. ನಡುವೆ ಕರಿ ಬೊಟ್ಟು ನಿಂತು, ಸುತ್ತ ಬರೀ ಎಣ್ಣೆಯ ಉಂಗುರ ಮೂಡಿದರೆ ಗಂಟು ಕಟ್ಟಿದೆ ಎಂದು ಅರ್ಥ.

ಈ ಕೋಣೆಗೆ ಅವರು ಬಂದದ್ದು ಕೈ ಮುರಿದುಕೊಂಡು. ಮೊದಲ ಒಂಬತ್ತು ವರ್ಷ ಪುಡಿ ಜರಡಿ ಹಿಡಿಯುವ ಶೆಡ್ಡಿನಲ್ಲಿದ್ದರು. ಅಲ್ಲಿನ ನೆಲ ಸದಾ ನುಣುಪು. ಒಂದು ದಿನ ಮೂಟೆ ಹೊತ್ತು ಹೆಜ್ಜೆಯಿಟ್ಟವರು ಮೂಟೆಸಮೇತ ಜಾರಿಬಿದ್ದರು. ಮುರಿದ ಬಲ ಮಣಿಕಟ್ಟು ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಆಗಿನ ಲ್ಯಾಬಿನ ಹಿರಿಯರು ಕರೆದು ಜಾಡಿ ಒರೆಸುವ ಕೆಲಸ ಕೊಟ್ಟರು, ಆಮೇಲೆ ನೋಡುವುದನ್ನೂ ಕಲಿಸಿದರು. ಅವರು ನಿವೃತ್ತರಾದ ಮೇಲೆ ಬ್ಯಾಚಿನ ಚೀಟಿಗೆ ಸೀಸಕ್ಕನದೇ ಸಹಿ.

ಮನೆ ಎಂದರೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ. ಅವರು ಹೊಲಿಯುವುದು ಶಾಲೆ ಮಕ್ಕಳ ಬಿಳಿ ಅಂಗಿ! ಹೆಂಡತಿ ಹೊಸಿಲು ದಾಟುವ ಮೊದಲೇ "ಅಲ್ಲೇ ನಿಲ್ಲು ಮಹಾರಾಯ್ತಿ, ಬಟ್ಟೆ ತೆಗೀತೀನಿ" ಎಂಬ ಕೂಗು ಬರುತ್ತದೆ. ಎಂಬತ್ತು ದಾಟಿದ ಅತ್ತೆಯದು ಇನ್ನೊಂದು ದೂರು: "ನನ್ನ ಸೊಸೆ ತೊಳೆದ ಲೋಟ ಕೈಯಲ್ಲಿ ನಿಲ್ಲಲ್ಲ ಕಣಪ್ಪ, ಮೀನಿನ ಥರ ಜಾರುತ್ತೆ. ಇವಳನ್ನ ಕೈ ಹಿಡಿದು ಇಷ್ಟು ವರ್ಷ ಬಿಡದೆ ಇದಾನಲ್ಲ, ನನ್ನ ಮಗನೇ ಗಟ್ಟಿಗ."

ಅತ್ತೆ ನಗಿಸುತ್ತಾರೆ. ಸೀಸಕ್ಕನೂ ನಗುತ್ತಾರೆ, ಆದರೆ ನಡುನಡುವೆ ಗಡಿಯಾರದ ಕಡೆ ನೋಡುತ್ತಾರೆ.

ಈ ಕಳವಳ ಎರಡು ವರ್ಷದ ಹಿಂದಿನ ಒಂದು ಬ್ಯಾಚಿನಿಂದ ಶುರುವಾಯಿತು. ಚಳಿ ಜೋರಾಗಿದ್ದ ವಾರ. ಎಣ್ಣೆ ಬೆರೆಸುವ ತೊಟ್ಟಿಯ ಹೀಟರ್ ಸರಿಯಾಗಿ ಕಾಯುತ್ತಿರಲಿಲ್ಲ, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಎಣ್ಣೆ ಬಿಸಿಯಾಗದಿದ್ದರೆ ಪುಡಿ ಸರಿಯಾಗಿ ಬೆರೆಯುವುದಿಲ್ಲ. ಮೊದಲ ದಿನದ ತೊಟ್ಟು ಚೆನ್ನಾಗಿ ಹರಡಿತು. ಸೀಸಕ್ಕ ಸಹಿ ಹಾಕಿದರು. ಮಾರನೆಯ ದಿನ ಹದಿನೆಂಟು ಕ್ಯಾನಿನಲ್ಲಿ ಎರಡು ಹೊರಗೆ ಹೋದವು. ಮೂರನೆಯ ದಿನ, ಚಳಿಗೆ ನಿದ್ದೆ ಹತ್ತದೆ ಎಂದೂ ಇಲ್ಲದಂತೆ ನಸುಕಿಗೇ ಬಂದಿದ್ದ ಅವರು ಜಾಡಿ ಓರೆ ಮಾಡಿದರೆ, ತಳದಲ್ಲಿ ಬೆರಳಿನ ದಪ್ಪ ಕೆಸರು.

"ಓಡಿಹೋಗಿ ಮಾಲು ಕಳಿಸಿದ ಲೆಕ್ಕದ ಪುಸ್ತಕ ನೋಡ್ದೆ. ಎರಡು ಕ್ಯಾನೂ ನದಿ ದಾಟಿಸೋ ಲಾಂಚಿಗೆ ಹೋಗಿತ್ತು."

ಆ ನದಿಯನ್ನು ನಾನೂ ನೋಡಿಬಂದೆ. ನಡುನೀರಿನಲ್ಲಿ ಸೆಳೆತ ಹೆಚ್ಚು, ಕೆಳಗಡೆ ಕುಸಿದ ಹಳೆಯ ಸೇತುವೆಯ ಕಂಬಗಳು. ಎಂಜಿನ್ ನಿಂತ ದೋಣಿ ನೇರವಾಗಿ ಅಲ್ಲಿಗೇ ಹೋಗುತ್ತದೆ. ಮೊದಲ ಲಾಂಚು ಏಳು ಗಂಟೆಗೆ. ಆಚೆ ದಡದ ಆಸ್ಪತ್ರೆಗೆ ಹೋಗುವವರು, ಪಾಠ ಮಾಡಲು ಹೋಗುವವರು, ಎಲ್ಲರೂ ಅದರಲ್ಲೇ.

ಸೀಸಕ್ಕ ಮೇಲ್ವಿಚಾರಕರಿಗೆ ಫೋನ್ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಆರೂಕಾಲಾಯಿತು. ಹೀರುಕಾಗದದ ಒಂದು ಹಾಳೆ ಸೆರಗಿಗೆ ಸಿಕ್ಕಿಸಿಕೊಂಡು ರಸ್ತೆಗೆ ಓಡಿ, ಹೋಗುತ್ತಿದ್ದ ಹಾಲಿನ ವ್ಯಾನಿಗೆ ಅಡ್ಡ ನಿಂತರು. ವ್ಯಾನು ಮೂರು ಕಡೆ ನಿಲ್ಲಿಸಿ ಹಾಲು ಇಳಿಸಿತು. "ಅವನ ಕೆಲಸ ಅವನು ಮಾಡ್ಬೇಕಲ್ಲ? ನಾನು ಮಾತ್ರ ಒಳಗೊಳಗೇ ಸಾಯ್ತಿದ್ದೆ."

ದಡ ತಲುಪುವಷ್ಟರಲ್ಲಿ ಲಾಂಚಿನಲ್ಲಿ ನಲವತ್ತಾರು ಜನ ಕೂತಾಗಿತ್ತು. ಹಗ್ಗ ಬಿಚ್ಚುತ್ತಿದ್ದರು.

"ಎಂಜಿನ್ ಆಫ್ ಮಾಡಿ ಯಜಮಾನ್ರೇ!"

"ಯಾರಮ್ಮಾ ನೀವು?" ಎಂದರು ಚಾಲಕರು.

"ಎಣ್ಣೆ ಕಾರ್ಖಾನೆಯವಳು. ನೀವು ಹಾಕಿರೋ ಎಣ್ಣೆ ಸರಿ ಇಲ್ಲ."

"ನಿನ್ನೆ ಮಧ್ಯಾಹ್ನ ಹಾಕಿದ್ದು. ಆರು ಸಲ ಹೋಗಿ ಬಂದೆ, ಏನೂ ಆಗಿಲ್ಲ. ಹೊತ್ತಾಯ್ತು, ಪಕ್ಕಕ್ಕೆ ಬನ್ನಿ."

ಒಳಗಿನಿಂದ ಯಾರೋ "ಬೆಳಬೆಳಗ್ಗೆ ಇದೇನು ಗ್ರಹಚಾರ" ಎಂದು ಗೊಣಗಿದರು. ಸೀಸಕ್ಕ ಲಾಂಚಿನ ಅಂಚು ಹಿಡಿದು ನಿಂತುಬಿಟ್ಟರು. "ಸರಿ ಇದೆ ಅಂತ ಸಹಿ ಹಾಕಿದ್ದೂ ನಾನೇ. ಸರಿ ಇಲ್ಲ ಅಂತ ಹೇಳ್ತಿರೋದೂ ನಾನೇ. ತಪ್ಪು ನಂದು. ಒಂದು ತೊಟ್ಟು ಎಣ್ಣೆ ತೆಗೀರಿ, ತೋರಿಸ್ತೀನಿ."

ಚಾಲಕರು ಬೇಸರದಿಂದಲೇ ಎಣ್ಣೆ ಅಳೆಯುವ ಕಡ್ಡಿ ಎಳೆದರು. ತೊಟ್ಟು ಕಾಗದಕ್ಕೆ ಬಿತ್ತು. ನಡುವೆ ಕರಿ ಬೊಟ್ಟು, ಸುತ್ತ ಉಂಗುರ.

ಆ ಚಾಲಕರನ್ನು ನಾನು ದಡದಲ್ಲೇ ಭೇಟಿಯಾದೆ. "ಆ ಕಾಗದ ನೋಡಿ ನಂಗೇನೂ ತಿಳೀಲಿಲ್ಲ, ನಿಜ ಹೇಳ್ತೀನಿ," ಎಂದರು. "ಆದ್ರೆ ತಪ್ಪು ನಂದು ಅಂತ ಹೇಳೋಕೆ ಯಾರಾದ್ರೂ ಅಷ್ಟು ದೂರದಿಂದ ಓಡಿ ಬರ್ತಾರಾ? ತಪ್ಪಿಸ್ಕೊಳ್ಳೋಕೆ ಓಡೋರನ್ನ ಮಾತ್ರ ನೋಡಿದ್ದೆ. ಸುಮ್ನೆ ಆಫ್ ಮಾಡ್ದೆ."

ಫಿಲ್ಟರ್ ಬಿಚ್ಚಿದಾಗ ಅರ್ಧಕ್ಕಿಂತ ಹೆಚ್ಚು ಕಟ್ಟಿಕೊಂಡಿತ್ತು. ಇನ್ನೊಂದು ಸಲ ದಾಟುತ್ತಿತ್ತೋ, ಹತ್ತು ಸಲ ದಾಟುತ್ತಿತ್ತೋ ಹೇಳಲಾಗದು ಎಂದರು ಮೆಕ್ಯಾನಿಕ್. ಇನ್ನೊಂದು ಕ್ಯಾನನ್ನು ಇನ್ನೂ ಒಡೆದಿರಲಿಲ್ಲ. ಅವತ್ತು ಹನ್ನೊಂದು ಗಂಟೆಯವರೆಗೆ ಲಾಂಚು ಹೊರಡಲಿಲ್ಲ. ಜನ ಬೈದುಕೊಂಡೇ ಕಾದರು.

ಕಾರ್ಖಾನೆಯಲ್ಲಿ ಇವರಿಗೆ ಹಾರ ಹಾಕಲಿಲ್ಲ. ನಮಗೆ ತಿಳಿಸದೆ ಗಿರಾಕಿಯ ಹತ್ತಿರ ಹೋದದ್ದೇಕೆ ಎಂಬ ನೋಟಿಸು ಬಂತು. ಎರಡು ವಾರ ಕ್ಯಾನುಗಳಿಗೆ ಲೇಬಲ್ ಅಂಟಿಸಲು ಹಾಕಿದರು. "ಬೈಸ್ಕೊಂಡಿದ್ದಕ್ಕೆ ಬೇಜಾರಿಲ್ಲ. ಆ ಎರಡು ವಾರ ಜಾಡಿ ಯಾರು ನೋಡ್ತಿದಾರೋ, ನೋಡ್ತಿದಾರೋ ಇಲ್ವೋ ಅಂತ ಊಟ ಸೇರ್ತಿರ್ಲಿಲ್ಲ."

ವಾಪಸು ಕರೆದಾಗ ಅವರು ಕೇಳಿದ್ದು ಒಂದೇ. ಜಾಡಿಯಲ್ಲಿ ಏಳು ದಿನ ಇಟ್ಟು ನೋಡದೆ ಯಾವ ಬ್ಯಾಚೂ ಹೊರಗೆ ಹೋಗಬಾರದು. ಮಾಲೀಕರು ಒಂದು ತಿಂಗಳು ಎಳೆದಾಡಿ ಒಪ್ಪಿದರು.

ನಾನಿದ್ದಾಗಲೇ ಮಾರಾಟ ವಿಭಾಗದವರು ಬಾಗಿಲಲ್ಲಿ ಇಣುಕುತ್ತಾರೆ. "ಅಕ್ಕಾ, ಆ ಐದು ದಿನದ್ದು ಇವತ್ತೇ ಬಿಡಿ ಅಕ್ಕಾ. ಚೆನ್ನಾಗೇ ಇದೆಯಲ್ಲ?"

"ಚೆನ್ನಾಗೇ ಇದೆ. ಇನ್ನೆರಡು ದಿನ ಚೆನ್ನಾಗಿರ್ಲಿ, ಆಮೇಲೆ ತಗೊಂಡ್ಹೋಗಿ."

ಅವರು ಮುಖ ಸಿಂಡರಿಸಿ ಹೋಗುತ್ತಾರೆ. ಸೀಸಕ್ಕ ಆ ಜಾಡಿಯನ್ನೇ ಮತ್ತೊಮ್ಮೆ ಓರೆ ಮಾಡಿ ತಳ ನೋಡುತ್ತಾರೆ. "ಪ್ರತಿ ಸಲ ಹಿಂಗೇ. ಇಲ್ಲ ಅನ್ನೋಕೂ ಭಯ, ಹೂಂ ಅನ್ನೋಕೂ ಭಯ. ಸಹಿ ಹಾಕಿದ್ಮೇಲಂತೂ ಇನ್ನೂ ಜಾಸ್ತಿ."

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಕೈ ಒರೆಸಿಕೊಂಡು ಯೋಚಿಸುತ್ತಾರೆ. ಹೋದ ವರ್ಷ ಗಂಡನ ಜೊತೆ ಆ ಲಾಂಚಿನಲ್ಲಿ ಒಮ್ಮೆ ಆಚೆ ದಡಕ್ಕೆ ಹೋಗಿದ್ದರಂತೆ. ಚಾಲಕರು ಮುಂದಿನ ಸೀಟು ಬಿಟ್ಟುಕೊಟ್ಟಿದ್ದರಂತೆ.

"ದಾರಿಯುದ್ದಕ್ಕೂ ನಮ್ಮನೆಯವ್ರು ಅಲ್ನೋಡು ಹಕ್ಕಿ, ಇಲ್ನೋಡು ಮೀನು ಅಂತಾನೇ ಇದ್ರು. ನಂಗೆ ಒಂದೂ ಕಾಣಿಸ್ಲಿಲ್ಲ. ಕಿವಿ ಎಲ್ಲಾ ಎಂಜಿನ್ ಸದ್ದಿನ ಮೇಲೇ," ಎಂದು ನಾಚಿಕೊಂಡು ನಗುತ್ತಾರೆ. "ಇನ್ನೊಂದು ಸಲ ಹೋಗ್ಬೇಕು. ಸುಮ್ನೆ ನೀರು ನೋಡ್ತಾ ಕೂರ್ಬೇಕು."